ಲ್ಯಾಂಡ್‌ಫಾಲ್ ಅಂದ್ರೆ ಭೂಕುಸಿತ ಅಲ್ಲ

"ಚಂಡಮಾರುತವು ಇಂದು ರಾತ್ರಿ ಕರಾವಳಿಯಲ್ಲಿ ಭೂಕುಸಿತ ಉಂಟುಮಾಡಲಿದೆ" ಅನ್ನೋ ಧಾಟಿಯ ಸುದ್ದಿ ಓದಿ ಓದಿ ಸಾಕಾಗಿದೆ. ಗುಡ್ಡ ಇಲ್ಲ, ಬೆಟ್ಟ ಇಲ್ಲ, ಬರೀ ಮರಳಿರೋ ತೀರದಲ್ಲಿ ಏನು ಕುಸಿಯುತ್ತೆ ಸ್ವಾಮಿ? ಚಂಡಮಾರುತ ಸಮುದ್ರದಿಂದ ನೆಲಕ್ಕೆ ಬರೋದಕ್ಕೆ ಇಂಗ್ಲಿಷಲ್ಲಿ ಲ್ಯಾಂಡ್‌ಫಾಲ್ ಅಂತಾರೆ. ಲ್ಯಾಂಡ್ ಅಂದ್ರೆ ಭೂಮಿ, ಫಾಲ್ ಅಂದ್ರೆ ಬೀಳೋದು, ಎರಡನ್ನೂ ಅಂಟಿಸಿ ಭೂಕುಸಿತ ಅಂತ ಮಾಡಿ ಕೈ ತೊಳ್ಕೊಂಡಿದ್ದಾರೆ, ಮಾಡಿದ್ದು ಮನುಷ್ಯರೋ ಮಷೀನೋ ಗೊತ್ತಾಗಲ್ಲ. ಭೂಕುಸಿತಕ್ಕೆ ಇಂಗ್ಲಿಷಲ್ಲಿ ಲ್ಯಾಂಡ್‌ಸ್ಲೈಡ್ ಅಂತ ಬೇರೆ ಪದಾನೇ ಇದೆ, ಅದು ಎಲ್ರಿಗೂ ಗೊತ್ತು, ಆದ್ರೂ ಪ್ರತಿ ಸೈಕ್ಲೋನ್ ಸೀಸನ್ನಲ್ಲೂ ಇದೇ ಹಾಡು.

ಈ ಲ್ಯಾಂಡ್‌ಫಾಲ್ ಅನ್ನೋದು ಹವಾಮಾನದವರು ಹುಟ್ಟಿಸಿದ ಪದ ಅಲ್ಲ, ಹಡಗಿನವರದ್ದು. ತಿಂಗಳುಗಟ್ಟಲೆ ನೀರು ಬಿಟ್ಟು ಬೇರೇನೂ ನೋಡದೆ ಬಂದೋರಿಗೆ ಮೊದಲ ಸಲ ನೆಲ ಕಾಣೋದಿದೆಯಲ್ಲ, ಅದಕ್ಕೆ ಲ್ಯಾಂಡ್‌ಫಾಲ್ ಅಂತಿದ್ರು. ಅಂದುಕೊಂಡ ಜಾಗದಲ್ಲೇ ನೆಲ ಕಂಡ್ರೆ ಅದು ಒಳ್ಳೆ ಲ್ಯಾಂಡ್‌ಫಾಲ್, ಲೆಕ್ಕ ತಪ್ಪಿ ಎಲ್ಲೋ ಕಂಡ್ರೆ ಕೆಟ್ಟದ್ದು. ಇಲ್ಲಿ 'ಫಾಲ್' ಅಂದ್ರೆ ಮೇಲಿಂದ ಕೆಳಗೆ ಬೀಳೋದಲ್ಲ, ಎದುರಾಗೋದು, ಸಿಗೋದು. ಕನ್ನಡದೋರಿಗೆ ಇದು ಅರ್ಥ ಆಗದೇ ಇರೋಕೆ ಕಾರಣಾನೇ ಇಲ್ಲ, ನಮಗೂ ವಸ್ತು ಕಣ್ಣಿಗೆ ಬೀಳುತ್ತೆ, ಮಾತು ಕಿವಿಗೆ ಬೀಳುತ್ತೆ, ಅಲ್ಲೆಲ್ಲೂ ಏನೂ ಕುಸಿಯಲ್ಲ. ನಾವಿಕರ ಮ್ಯಾಪಲ್ಲಿ ಗುರುತು ಹಾಕ್ತಿದ್ದ ಈ ಬಿಂದುವೇ ಆಮೇಲೆ ಬಿರುಗಾಳಿ ಮ್ಯಾಪಿಗೆ ಬಂತು. ಬಿಂದು ಅನ್ನೋದನ್ನ ನೆನಪಲ್ಲಿಡಿ.

ಪಕ್ಕದ ಮನೆಯೋರು ಈ ವಿಷಯದಲ್ಲಿ ಎಷ್ಟು ಚೆನ್ನಾಗಿದ್ದಾರೆ ನೋಡಿ. ತಮಿಳಲ್ಲಿ ಪುಯಲ್ (ಬಿರುಗಾಳಿ) 'ಕರೈಯೈ ಕಡಂದದು' ಅಂತಾರೆ, ತೆಲುಗಲ್ಲಿ ತುಫಾನು 'ತೀರಂ ದಾಟಿಂದಿ'. ದಾಟಿತು, ಅಷ್ಟೇ. ಭಾರತೀಯ ಹವಾಮಾನ ಇಲಾಖೆ ಬುಲೆಟಿನ್ನಲ್ಲೂ ತೀರ ದಾಟಿತು ಅನ್ನೋ ಮಾತೇ ಇರುತ್ತೆ. ನಮ್ಮಲ್ಲಿ ಸ್ವಲ್ಪ ಯೋಚನೆ ಮಾಡೋರು 'ಭೂಸ್ಪರ್ಶ' ಅಂತ ಬರೀತಾರೆ, ತಪ್ಪಿಲ್ಲ, ಆದ್ರೆ ಗಂಟೆಗೆ ಇನ್ನೂರು ಕಿಲೋಮೀಟರ್ ಗಾಳಿ 'ಸ್ಪರ್ಶ' ಮಾಡ್ತು ಅಂದ್ರೆ ಯಾಕೋ ತುಂಬಾ ನಾಜೂಕಾಯ್ತು. 'ಅಪ್ಪಳಿಸಿತು' ಅನ್ನೋದಕ್ಕೆ ಜೋರಿದೆ, ಆದ್ರೆ ಒಂದೇ ಏಟಿಗೆ ಎಲ್ಲಾ ಮುಗೀತು ಅನ್ನೋ ಹಾಗೆ ಕೇಳಿಸುತ್ತೆ. ನನ್ನ ವೋಟು 'ತೀರ ದಾಟಿತು' ಅನ್ನೋದಕ್ಕೇ.

ಯಾಕಂದ್ರೆ ಲ್ಯಾಂಡ್‌ಫಾಲ್ ಅಂದ್ರೆ ಸುಳಿಯ ನಡುಮಧ್ಯ, ಅಂದ್ರೆ 'ಕಣ್ಣು' ಅಂತ ಕರೆಯೋ ಶಾಂತ ಭಾಗದ ಕೇಂದ್ರ, ಕರಾವಳಿ ಗೆರೆ ದಾಟೋ ಜಾಗ ಮತ್ತು ಹೊತ್ತು. ಇಷ್ಟೇ. ಗಾಳಿ ಶುರುವಾಗೋ ಹೊತ್ತಲ್ಲ, ಅತಿ ಹೆಚ್ಚು ಹಾನಿ ಆಗೋ ಜಾಗಾನೂ ಅಲ್ಲ. ಮೆರವಣಿಗೆಯಲ್ಲಿ ಪಲ್ಲಕ್ಕಿ ನಿಮ್ಮ ಬಾಗಿಲ ಮುಂದೆ ಬರೋಷ್ಟರಲ್ಲಿ ಡೊಳ್ಳಿನೋರು, ವಾದ್ಯದೋರು ಎಲ್ಲಾ ಆಗ್ಲೇ ಕಿವಿ ಕಿತ್ತು ಹೋಗಿರ್ತಾರಲ್ಲ, ಹಾಗೆ. "ಲ್ಯಾಂಡ್‌ಫಾಲ್ ರಾತ್ರಿ ಎಂಟಕ್ಕಂತೆ, ಅಷ್ಟರೊಳಗೆ ಮನೆ ಸೇರ್ಕೊಳ್ಳೋಣ" ಅನ್ನೋರಿಗೆ ಇದನ್ನ ಯಾರಾದ್ರೂ ಹೇಳ್ಬೇಕು.

ಇದನ್ನ ಸರಿಯಾಗಿ ತೋರಿಸೋದು 2013ರ ಹೈಯಾನ್ ಟೈಫೂನ್ (ಆ ಕಡೆ ಜೋರಾದ ಚಂಡಮಾರುತಕ್ಕೆ ಹಾಗಂತಾರೆ), ಫಿಲಿಪ್ಪೀನ್ಸಲ್ಲಿ ಅದರ ಹೆಸರು ಯೋಲಾಂಡಾ. ನವೆಂಬರ್ 8ರ ಬೆಳಗಿನ ಜಾವ 4.40ಕ್ಕೆ ಪೂರ್ವ ಸಮಾರ್‌ನ ಗಿವಾನ್‌ನಲ್ಲಿ ಮೊದಲ ಲ್ಯಾಂಡ್‌ಫಾಲ್. ಮೊದಲ ಅಂದೆ ನೋಡಿ, ಯಾಕಂದ್ರೆ ಅದು ದ್ವೀಪಗಳ ದೇಶ, ಒಂದು ದ್ವೀಪ ದಾಟಿ ಸಮುದ್ರಕ್ಕಿಳಿದು ಇನ್ನೊಂದನ್ನ ಮುಟ್ಟಿದ್ರೆ ಇನ್ನೊಂದು ಲ್ಯಾಂಡ್‌ಫಾಲ್. ಏಳು ಗಂಟೆಗೆ ಲೇಯ್ಟೆ ದ್ವೀಪದ ತೊಲೋಸಾ, ಆಮೇಲೆ ಸೆಬು ಕಡೆಯ ದಾನ್‌ಬಂತಾಯನ್, ಬಂತಾಯನ್ ದ್ವೀಪ, ಇಲೊಯಿಲೊದ ಕನ್ಸೆಪ್ಶನ್, ರಾತ್ರಿ ಪಲಾವಾನ್‌ನ ಬುಸುವಾಂಗ, ಒಂದೇ ದಿನದಲ್ಲಿ ಆರು. ಗಾಳಿ ವೇಗ ಎಷ್ಟಿತ್ತು ಅಂತ ಕೇಳಿದ್ರೆ ಎರಡು ಉತ್ತರ ಸಿಗುತ್ತೆ, ಅಮೆರಿಕದ ಟೈಫೂನ್ ಕೇಂದ್ರದ ಪ್ರಕಾರ ಗಂಟೆಗೆ 315 ಕಿ.ಮೀ., ಜಪಾನ್ ಹವಾಮಾನ ಸಂಸ್ಥೆ ಪ್ರಕಾರ 230. ಜಗಳ ಏನಿಲ್ಲ, ಒಬ್ಬರದು ಒಂದು ನಿಮಿಷದ ಸರಾಸರಿ, ಇನ್ನೊಬ್ಬರದು ಹತ್ತು ನಿಮಿಷದ್ದು, ಲೆಕ್ಕದ ವಿಧಾನಾನೇ ಬೇರೆ.

ಈಗ ಈ ಆರು ಹೆಸರಲ್ಲಿ ಟಾಕ್ಲೋಬಾನ್ ಹುಡುಕಿ. ಇಲ್ಲ! ಹೈಯಾನ್ ಅಂದ ತಕ್ಷಣ ಜಗತ್ತಿಗೆ ನೆನಪಾಗೋ ಊರು ಅದು, ಅತಿ ಹೆಚ್ಚು ಜನ ಸತ್ತ ಊರು ಅದು, ಆದ್ರೆ ಕಣ್ಣು ದಾಟಿದ್ದು ಅದರ ದಕ್ಷಿಣಕ್ಕಿರೋ ತೊಲೋಸಾದಲ್ಲಿ. ಉತ್ತರ ಗೋಳಾರ್ಧದಲ್ಲಿ ಬಿರುಗಾಳಿ ಸಾಗೋ ದಿಕ್ಕಿನ ಬಲಗಡೆ ಗಾಳಿ ಜಾಸ್ತಿ, ಹೈಯಾನ್ ಪಶ್ಚಿಮಕ್ಕೆ ಹೋಗ್ತಿತ್ತು, ಬಲಗಡೆ ಅಂದ್ರೆ ಉತ್ತರ, ಅಲ್ಲಿ ಟಾಕ್ಲೋಬಾನ್. ಸಾಲದು ಅಂತ ಊರು ಕೂತಿರೋದು ಆಳ ಇಲ್ಲದ ಸ್ಯಾನ್ ಪೆದ್ರೊ ಕೊಲ್ಲಿಯ ತುದೀಲಿ, ಕೊಲ್ಲಿಯ ಬಾಯಿ ದಕ್ಷಿಣಕ್ಕೆ ತೆರೆದಿದೆ, ಉತ್ತರದಲ್ಲಿ ಇಕ್ಕಟ್ಟಾದ ಸ್ಯಾನ್ ಹ್ವಾನಿಕೊ ಜಲಸಂಧಿ ಬಿಟ್ರೆ ನೀರಿಗೆ ಹೋಗೋಕೆ ಜಾಗ ಇಲ್ಲ. ಮೊದಲು ಉತ್ತರದ ಗಾಳಿ ಕೊಲ್ಲಿ ನೀರನ್ನ ಹೊರಗೆ ತಳ್ತು, ಕಣ್ಣು ಹತ್ತಿರ ಬರ್ತಾ ಗಾಳಿ ತಿರುಗಿ ಹೋದ ನೀರನ್ನ ಐದಾರು ಮೀಟರ್ ಎತ್ತರಕ್ಕೆ ಏರಿಸಿ ಒಳಗೆ ನುಗ್ಗಿಸ್ತು. ಸಮುದ್ರಕ್ಕೆ ಚಾಚಿದ ನೆಲದ ಮೇಲಿದ್ದ ಏರ್‌ಪೋರ್ಟ್ ಕಟ್ಟಡ ಒಡೆದು ಹೋಯ್ತು. ಆಶ್ರಯಕ್ಕೆ ಜನ ಸೇರಿದ್ದ ಆಸ್ಟ್ರೋಡೋಮ್ ಕ್ರೀಡಾಂಗಣದೊಳಗೂ ನೀರು. ಅನಿಬಾಂಗ್ ಅನ್ನೋ ಕಡೆ ಹಡಗುಗಳು ಮನೆಗಳ ಮೇಲೆ ಬಂದು ಕೂತ್ವು. ಇಡೀ ದೇಶದಲ್ಲಿ ಅಧಿಕೃತವಾಗಿ 6,300 ಸಾವು, ಸಾವಿರಕ್ಕೂ ಮಿಕ್ಕಿ ಕಾಣೆ, ಸುಮಾರು 11 ಲಕ್ಷ ಮನೆಗೆ ಹಾನಿ. ಕೋಟಿಗಟ್ಟಲೆ ತೆಂಗಿನಮರ ಹೋದವು, ಹೊಸ ಸಸಿ ನೆಟ್ಟು ಫಲ ಬರೋಕೆ ಆರೆಂಟು ವರ್ಷ ಬೇಕು, ಹಾಗಾಗಿ ಮನೆ ರಿಪೇರಿ ಆದ್ಮೇಲೂ ಆ ಜನಕ್ಕೆ ಆದಾಯ ಇರಲಿಲ್ಲ.

ಹೀಗಿರೋವಾಗ ಲ್ಯಾಂಡ್‌ಫಾಲ್ ಬಿಂದುವನ್ನಷ್ಟೇ ನೋಡ್ಕೊಂಡು "ನಮ್ಮೂರಲ್ಲ ಬಿಡಿ" ಅನ್ನೋದು ಎಂಥಾ ಲೆಕ್ಕ.

ಇನ್ನು ಭೂಕುಸಿತ. ಅದೇ ಲೇಯ್ಟೆ ದ್ವೀಪದಲ್ಲಿ ನಿಜವಾದ ಭೂಕುಸಿತಾನೂ ಆಗಿದೆ, ಅದಕ್ಕೇ ನನಗೆ ಈ ತಪ್ಪು ಅನುವಾದದ ಮೇಲೆ ಇಷ್ಟು ಸಿಟ್ಟು. 2006ರ ಫೆಬ್ರವರಿ 17ಕ್ಕೆ ದಕ್ಷಿಣ ಲೇಯ್ಟೆಯ ಗಿನ್ಸಾವುಗಾನ್ ಹಳ್ಳಿ ಮೇಲೆ ಬೆಟ್ಟ ಜಾರಿ ಸಾವಿರಕ್ಕೂ ಹೆಚ್ಚು ಜನ ಹೋದ್ರು, ಅವತ್ತು ಟೈಫೂನೂ ಇರಲಿಲ್ಲ, ಲ್ಯಾಂಡ್‌ಫಾಲೂ ಇರಲಿಲ್ಲ, ದಿನಗಟ್ಟಲೆ ಸುರಿದ ಮಳೆ ಇತ್ತು. 2022ರ ಏಪ್ರಿಲ್ 10ಕ್ಕೆ ಮೆಗಿ ಅನ್ನೋ ಬಿರುಗಾಳಿ ಬಂತು, ಫಿಲಿಪ್ಪೀನ್ಸಿನ ಹೆಸರು ಅಗಾಟನ್. ಗಾಳಿ ಲೆಕ್ಕದಲ್ಲಿ ಹೈಯಾನ್ ಮುಂದೆ ಏನೇನೂ ಅಲ್ಲ, ಟೈಫೂನ್ ದರ್ಜೆಗೂ ಏರಲಿಲ್ಲ. ಲ್ಯಾಂಡ್‌ಫಾಲ್ ಆಗಿದ್ದು ಅದೇ ಗಿವಾನ್ ಹತ್ತಿರದ ಕಾಲಿಕೋವನ್ ದ್ವೀಪದಲ್ಲಿ, ಭೂಕುಸಿತ ಆಗಿದ್ದು ದೂರದ ಲೇಯ್ಟೆಯ ಬೈಬೈ ಸುತ್ತಮುತ್ತಲಿನ ಹಳ್ಳಿಗಳಲ್ಲಿ, ಹೆಚ್ಚಿನ ಸಾವೆಲ್ಲ ಅಲ್ಲೇ. ಈಗ ಈ ಸುದ್ದಿಯನ್ನ ನಮ್ಮ ಅನುವಾದಕರ ಕೈಗೆ ಕೊಡಿ. ಭೂಕುಸಿತ ಆಯ್ತು, ಆಮೇಲೆ ಭೂಕುಸಿತ ಆಯ್ತು ಅಂತ ಬರೀತಾರೆ, ಓದೋನಿಗೆ ಯಾವುದು ಎಲ್ಲಿ ಅಂತ ದೇವರಾಣೆ ಗೊತ್ತಾಗಲ್ಲ.

ದೂರದ ಉದಾಹರಣೆ ಅಂತ ತಳ್ಳಿಹಾಕೋರಿಗೆ ಮಂಗಳೂರು, ಉಡುಪಿ ಕಡೆಯದ್ದೇ ಒಂದಿದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಲ್ಯಾಂಡ್‌ಫಾಲ್ ಆಗಿದ್ದು 17ರ ರಾತ್ರಿ ಗುಜರಾತಿನಲ್ಲಿ, ದಿಯು ಮತ್ತು ಉನಾ ನಡುವೆ. ಕರ್ನಾಟಕದಲ್ಲಿ ಅದು ತೀರ ದಾಟಲೇ ಇಲ್ಲ, ಸಮುದ್ರದಲ್ಲೇ ಉತ್ತರಕ್ಕೆ ಹೋಯ್ತು. ಅದಕ್ಕೆ ಎರಡು ದಿನ ಮೊದಲೇ ಉಳ್ಳಾಲ, ಸೋಮೇಶ್ವರ ಕಡೆ ಕಡಲು ಮನೆ ಅಂಗಳಕ್ಕೆ ನುಗ್ಗಿತ್ತು, ಮೂಲ್ಕಿ ಹತ್ತಿರ ಬಂಡೆಗೆ ಸಿಕ್ಕಿಕೊಂಡ, ಹಡಗು ಎಳೆಯೋ ಟಗ್‌ನಿಂದ ಆಮೇಲೆ ಒಂಬತ್ತು ಜನರನ್ನ ಪಾರು ಮಾಡ್ಬೇಕಾಯ್ತು. ಲ್ಯಾಂಡ್‌ಫಾಲ್ ಅನ್ನೋ ಕಾಲಂನಲ್ಲಿ ಕರ್ನಾಟಕದ ಹೆಸರೇ ಇಲ್ಲ.