ಐಡಿ ನೋಡೋದು ಬೇರೆ, ಓದೋದು ಬೇರೆ

ಕ್ಯಾಲಿಫೋರ್ನಿಯಾದಲ್ಲಿ 21 ತುಂಬದವರಿಗೆ ಬಿಯರ್ ಮಾರಿ ಸರ್ಕಾರದ ತಪಾಸಣೆಯಲ್ಲಿ ಸಿಕ್ಕಿಬೀಳುವ ಕ್ಯಾಷಿಯರ್‌ಗಳು ನಕಲಿ ಐಡಿಗೆ ಮೋಸ ಹೋದವರಲ್ಲ. ಕೆಲವರು ಐಡಿ ಕೇಳಿಯೇ ಇರುವುದಿಲ್ಲ. ಇನ್ನು ಕೆಲವರು ಅಸಲಿ ಕಾರ್ಡನ್ನೇ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ತಲೆಯಾಡಿಸಿ, ಬಿಲ್ ಹಾಕಿ ಕಳಿಸಿರುತ್ತಾರೆ. ನಮ್ಮ ಅಂಗಡಿಗೆ ಹೊಸದಾಗಿ ಸೇರಿದವರಿಗೆ ಕೌಂಟರ್ ಕೆಲಸ ಕಲಿಸುವಾಗ ನಾನು ಮೊದಲು ಹೇಳುವುದು ಇದನ್ನೇ. ಯಾರೂ ನಂಬುವುದಿಲ್ಲ. ಐಡಿ ನೋಡಿದ ಮೇಲೂ ಯಾರಾದರೂ ಮಾರುತ್ತಾರಾ ಅಂತ ನಗುತ್ತಾರೆ.

ತಪಾಸಣೆ ಹೇಗೆ ನಡೆಯುತ್ತದೆ ಗೊತ್ತಾದರೆ ನಗು ನಿಲ್ಲುತ್ತದೆ. ಇಲ್ಲಿ ಮದ್ಯದ ಲೈಸೆನ್ಸ್ ಕೊಡುವ, ಕಿತ್ತುಕೊಳ್ಳುವ ಇಲಾಖೆಗೆ ಎಬಿಸಿ ಅಂತ ಹೆಸರು. ಇಲಾಖೆಯವರೋ ಪೊಲೀಸರೋ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಗಿರಾಕಿಯ ಹಾಗೆ ಅಂಗಡಿಗೆ ಕಳಿಸುತ್ತಾರೆ. ಅವರಿಗೆ 20 ತುಂಬಿರಬಾರದು, ನೋಡೋಕೂ 21ರ ಕೆಳಗಿನವರ ಹಾಗೇ ಇರಬೇಕು. ಜೇಬಿನಲ್ಲಿ ತಮ್ಮದೇ ಅಸಲಿ ಐಡಿ ಇರಬೇಕು, ಇಲ್ಲವೇ ಐಡಿಯೇ ಇರಬಾರದು. ಕ್ಯಾಷಿಯರ್ ಕೇಳಿದರೆ ಐಡಿ ತೋರಿಸಬೇಕು, ವಯಸ್ಸು ಕೇಳಿದರೆ ನಿಜ ಹೇಳಬೇಕು. ಇದು ಅನ್ಯಾಯ, ಮೋಸದಿಂದ ಬಲೆಗೆ ಬೀಳಿಸುತ್ತಾರೆ ಅಂತ ಅಂಗಡಿಯವರು ಕೋರ್ಟಿಗೂ ಹೋಗಿದ್ದರು. 1994ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಇದರಲ್ಲಿ ತಪ್ಪಿಲ್ಲ ಅಂದುಬಿಟ್ಟಿತು. ನನಗೂ ಹಾಗೇ ಅನ್ನಿಸುತ್ತದೆ. ಉತ್ತರವನ್ನು ಕೈಗೇ ಕೊಟ್ಟು ಪ್ರಶ್ನೆ ಕೇಳುವ ಪರೀಕ್ಷೆ ಇದು. ಆದರೂ ಫೇಲ್ ಆಗುತ್ತಾರೆ.

ಯಾಕೆ ಅಂದರೆ, ಶುಕ್ರವಾರ ಸಂಜೆ ಆರೂವರೆಗೆ ಸಾಲು ಡೈರಿ ಫ್ರಿಡ್ಜ್‌ವರೆಗೆ ಬಂದಿರುತ್ತದೆ, ಎರಡನೇ ರಿಜಿಸ್ಟರ್ ತೆಗೆಯೋಕೆ ಜನ ಇರುವುದಿಲ್ಲ, ಹಿಂದೆ ನಿಂತ ಅಮ್ಮ ಕೊತ್ತಂಬರಿ ಕಟ್ಟು ಹಿಡಿದು ಗಡಿಯಾರ ನೋಡುತ್ತಿರುತ್ತಾಳೆ. ಆಗ ಐಡಿ ಕೇಳುವುದು ಒಂದು ಶಾಸ್ತ್ರ ಆಗಿಬಿಡುತ್ತದೆ. ಕೇಳಿದೆ, ಅವನು ಕೊಟ್ಟ, ಮುಗಿಯಿತು. ಕಾರ್ಡ್ ಕೊಡೋಕೆ ಹಿಂದೆಮುಂದೆ ನೋಡದವನು 21 ದಾಟಿದವನೇ ಇರಬೇಕು ಅಂತ ಮನಸ್ಸು ತಾನೇ ತೀರ್ಮಾನ ಮಾಡಿರುತ್ತದೆ. ಕಣ್ಣು ಫೋಟೋ ಮೇಲೆ ಹೋಗಿ, ಮುಖ ಹೊಂದಿತು ಅಂತ ಸಮಾಧಾನ ಮಾಡಿಕೊಂಡು ವಾಪಸ್ ಬರುತ್ತದೆ. ತಾರೀಖು ಓದಿರುವುದೇ ಇಲ್ಲ.

ಹಾಗಾಗಿ ನಮ್ಮಲ್ಲಿ ಕ್ರಮ ಉಲ್ಟಾ. ಮೊದಲು ತಾರೀಖು, ಆಮೇಲೆ ಕಾರ್ಡಿನ ಅವಧಿ ಮುಗಿದಿದೆಯಾ ಅಂತ, ಕೊನೆಗೆ ಮುಖ. ಪರ್ಸ್‌ನ ಪ್ಲಾಸ್ಟಿಕ್ ಒಳಗಿಂದ ತೋರಿಸಿದರೆ ಆಗುವುದಿಲ್ಲ, ಕಾರ್ಡ್ ಹೊರಗೆ ತೆಗೆದು ಕೈಗೆ ಕೊಡಬೇಕು. ಹುಟ್ಟಿದ ದಿನವನ್ನು ಬಾಯಲ್ಲಿ ಮೆಲ್ಲಗೆ ಹೇಳಿಕೊಳ್ಳಿ ಅನ್ನುತ್ತೇನೆ. ಮಕ್ಕಳಾಟ ಅನ್ನಿಸಬಹುದು. ಆದರೆ ಬಾಯಲ್ಲಿ ಹೇಳಿಕೊಂಡವರು ಓದದೆ ಇರೋಕೆ ಆಗಲ್ಲ ಅಲ್ವಾ?

ಇಲ್ಲಿ 21ರ ಒಳಗಿನವರ ಡ್ರೈವಿಂಗ್ ಲೈಸೆನ್ಸ್ ಉದ್ದಕ್ಕೆ ನಿಂತಿರುತ್ತದೆ, ದೊಡ್ಡವರದು ಅಡ್ಡ ಇರುತ್ತದೆ. ಉದ್ದದ ಕಾರ್ಡಿನಲ್ಲಿ ಯಾವ ಇಸವಿಯಲ್ಲಿ 21 ತುಂಬುತ್ತದೆ ಅಂತಲೂ ಅಚ್ಚಾಗಿರುತ್ತದೆ. ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟಿದ್ದಾರೆ. ಆದರೆ ಅಚ್ಚಾಗಿರುವುದು ಇಸವಿ ಮಾತ್ರ. ಡಿಸೆಂಬರ್‌ನಲ್ಲಿ ಹುಟ್ಟಿದ ಹುಡುಗ ಅದೇ ವರ್ಷದ ಮಾರ್ಚ್‌ನಲ್ಲಿ ಬಂದರೆ ಇಸವಿ ಸರಿ ಇದೆ, ವಯಸ್ಸು ಸರಿ ಇಲ್ಲ. ಇದರ ಉಲ್ಟಾ ಕೂಡ ಇದೆ. 21 ತುಂಬಿದ ಮೇಲೂ ಕಾರ್ಡಿನ ಅವಧಿ ಮುಗಿಯುವ ತನಕ ಅದೇ ಉದ್ದದ ಕಾರ್ಡ್ ಇಟ್ಟುಕೊಂಡವರು ಇರುತ್ತಾರೆ. ಅವರಿಗೆ ಮಾರಬಹುದು. ಕಾರ್ಡಿನ ಆಕಾರ ನೋಡಿ ಎಚ್ಚರ ಆಗಿ, ತೀರ್ಮಾನ ಮಾತ್ರ ತಾರೀಖು ನೋಡಿ ಮಾಡಿ.

ರಿಜಿಸ್ಟರ್ ನಮ್ಮನ್ನು ಕಾಪಾಡುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಬಿಯರ್ ಸ್ಕ್ಯಾನ್ ಆದ ಕೂಡಲೇ ಪರದೆ ಹುಟ್ಟಿದ ತಾರೀಖು ಕೇಳುತ್ತದೆ ನಿಜ. ಕಾರ್ಡಿನ ಹಿಂದಿರುವ ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಲೆಕ್ಕವನ್ನೂ ಅದೇ ಹಾಕುತ್ತದೆ. ಆದರೆ ಸ್ಕ್ಯಾನರ್ ಹೇಳುವುದು ಬಾರ್‌ಕೋಡ್‌ನಲ್ಲಿ ಏನು ಬರೆದಿದೆ ಅಂತ ಮಾತ್ರ. ಚೆನ್ನಾಗಿ ಮಾಡಿದ ನಕಲಿ ಕಾರ್ಡಿನಲ್ಲೂ ಓದುವ ಬಾರ್‌ಕೋಡ್ ಇರುತ್ತದೆ, ಅಣ್ಣನ ಅಸಲಿ ಕಾರ್ಡಂತೂ ಸಲೀಸಾಗಿ ಓದುತ್ತದೆ. ಇನ್ನು ಕೈಯಲ್ಲಿ ಟೈಪ್ ಮಾಡುವ ಕಡೆ ನಡೆಯುವುದು ಕ್ಯಾಷಿಯರ್ ಆಗಿದ್ದವರಿಗೆಲ್ಲ ಗೊತ್ತು. ಸುಮ್ನೆ ಒಂದು, ಒಂದು, ಐವತ್ತು ಅಂತ ಒತ್ತಿ ಮುಂದೆ ಹೋಗುತ್ತಾರೆ. ಸಿಸ್ಟಮ್ ಪ್ರಕಾರ ನಮ್ಮ ಅಂಗಡಿಯಲ್ಲಿ ಬಿಯರ್ ಕೊಂಡವರೆಲ್ಲ 1950ರ ಜನವರಿ ಒಂದನೇ ತಾರೀಖು ಹುಟ್ಟಿದವರೇ! ಕೇಸ್ ಆದಾಗ ಇಲಾಖೆಯವರು ಆ ದಾಖಲೆ ಕೇಳಿದರೆ, ಅದು ನಿಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತದೆ.

ಕೇಸ್ ಅಂದೆ. ಇದು ಮಿಸ್‌ಡಿಮೀನರ್, ಅಂದರೆ ಕ್ರಿಮಿನಲ್ ಕೇಸೇ. ಪಾರ್ಕಿಂಗ್ ದಂಡದ ಥರ ಅಲ್ಲ. ಮಾಲೀಕನಿಗೆ ಏನಾಗುತ್ತದೋ ಅದು ಬೇರೆ, ಬಿಲ್ ಹಾಕಿದವರ ಹೆಸರಿಗೆ 250 ಡಾಲರ್ ದಂಡ, ಇಲ್ಲವೇ 24ರಿಂದ 32 ಗಂಟೆ ಸಮುದಾಯ ಸೇವೆ, ಇಲ್ಲವೇ ಎರಡೂ ಸೇರಿಸಿ ಬರುತ್ತದೆ. ಅಂಗಡಿಗೆ 36 ತಿಂಗಳ ಒಳಗೆ ಮೂರು ಸಲ ಹೀಗಾದರೆ ಲೈಸೆನ್ಸೇ ರದ್ದಾಗಬಹುದು. ನಮ್ಮ ಕಡೆಯ ದಿನಸಿ ಅಂಗಡಿಗಳ ಕೌಂಟರ್‌ನಲ್ಲಿ ನಿಲ್ಲುವ ಅನೇಕರು ಗಂಡನ ಅಥವಾ ಹೆಂಡತಿಯ ವೀಸಾ ಮೇಲೆ ಬಂದು, ವರ್ಕ್ ಪರ್ಮಿಟ್ ಸಿಕ್ಕ ಮೇಲೆ ಕೆಲಸ ಹಿಡಿದವರು. ವೀಸಾ ಅರ್ಜಿಯಲ್ಲಿ ಅರೆಸ್ಟ್, ಶಿಕ್ಷೆ ಬಗ್ಗೆ ಪ್ರಶ್ನೆ ಇರುತ್ತದೆ. ಮುಂದೆ ಪೌರತ್ವದ ಅರ್ಜಿಯಲ್ಲೂ ಇರುತ್ತದೆ. 250 ಡಾಲರ್ ಕಟ್ಟಿ ಮರೆಯೋಣ ಅಂದರೆ ಆಗಲ್ಲ, ಪ್ರತಿ ಸಲವೂ ವಕೀಲರ ಹತ್ತಿರ ಓಡಬೇಕಾಗುತ್ತದೆ. ಕೆಲಸಕ್ಕೆ ಸೇರಿದ ದಿನ ಒಂದು ಎಬಿಸಿ ಫಾರಂಗೆ ಸಹಿ ಹಾಕಿಸಿಕೊಂಡಿರುತ್ತಾರಲ್ಲ, ಅದರಲ್ಲಿ ಈ ಕಾನೂನೆಲ್ಲ ಇದೆ. ಓದದೇ ಸಹಿ ಹಾಕಿದವರೇ ಜಾಸ್ತಿ.

ಈಗ ನಮ್ಮವರ ಪಾಸ್‌ಪೋರ್ಟ್ ವಿಷಯಕ್ಕೆ ಬರುತ್ತೇನೆ, ಇಲ್ಲಿ ಅಮೆರಿಕದವರೂ ಎಡವುತ್ತಾರೆ, ನಾವೂ ಎಡವುತ್ತೇವೆ. ಎಂಎಸ್ ಓದೋಕೆ ಬಂದ ಹುಡುಗ ಭಾರತದ ಪಾಸ್‌ಪೋರ್ಟ್ ಕೊಟ್ಟ. ಹುಟ್ಟಿದ ದಿನ 04/11/2004. ಆವತ್ತು 2025ರ ಮೇ ತಿಂಗಳು ಅಂತ ಇಟ್ಟುಕೊಳ್ಳಿ. ಅಮೆರಿಕದ ಲೆಕ್ಕದಲ್ಲಿ ತಿಂಗಳು ಮೊದಲು, ಅಂದರೆ ಏಪ್ರಿಲ್ 11, ಹೋದ ತಿಂಗಳೇ 21 ಆಯಿತು, ಕೊಡಬಹುದು. ಆದರೆ ನಮ್ಮ ಪಾಸ್‌ಪೋರ್ಟ್‌ನಲ್ಲಿ ದಿನ ಮೊದಲು. ಅವನು ಹುಟ್ಟಿದ್ದು ನವೆಂಬರ್ 4. ಇನ್ನೂ ಆರು ತಿಂಗಳ ಹತ್ತಿರ ಕಾಯಬೇಕು. ಊರಿಂದ ಬಂದ ಕ್ಯಾಷಿಯರ್‌ಗೆ ಇದು ತಟ್ಟನೆ ಹೊಳೆಯುತ್ತದೆ ಅಂದುಕೊಳ್ಳಬೇಡಿ. ನಾಲ್ಕೈದು ವರ್ಷ ಇಲ್ಲಿ ಇದ್ದವರು ಅಮೆರಿಕದ ಹಾಗೇ ಓದೋಕೆ ಶುರು ಮಾಡಿರುತ್ತಾರೆ.

ಗೊಂದಲ ಆದರೆ ಫೋಟೋ ಇರುವ ಪುಟದ ತಳಭಾಗ ನೋಡಿ. ಬಾಣದ ಗುರುತುಗಳಿಂದ ತುಂಬಿದ ಎರಡು ಸಾಲು ಇರುತ್ತವೆ. ಎರಡನೇ ಸಾಲಿನಲ್ಲಿ ಪಾಸ್‌ಪೋರ್ಟ್ ನಂಬರ್ ಆದಮೇಲೆ ದೇಶದ ಮೂರು ಅಕ್ಷರ ಬರುತ್ತದೆ, ನಮ್ಮದಾದರೆ ಐಎನ್‌ಡಿ. ಅದರ ಬೆನ್ನಿಗೇ ಆರು ಅಂಕಿ. ಮೊದಲ ಎರಡು ಇಸವಿ, ಮುಂದಿನ ಎರಡು ತಿಂಗಳು, ಕೊನೆಯ ಎರಡು ದಿನ. ಈ ಹುಡುಗನದು 041104 ಅಂತ ಇರುತ್ತದೆ. ಯಾವ ದೇಶದ ಪಾಸ್‌ಪೋರ್ಟ್ ಬಂದರೂ ಇದೇ ಕ್ರಮ, ಬದಲಾಗುವುದಿಲ್ಲ. ಇದನ್ನು ಚೀಟಿಯಲ್ಲಿ ಬರೆದು ಪ್ರತಿ ರಿಜಿಸ್ಟರ್‌ಗೂ ಅಂಟಿಸಿದ್ದೇನೆ.

ಆಧಾರ್ ತೋರಿಸುವವರೂ ಇದ್ದಾರೆ. ಸರ್ಕಾರದ ಕಾರ್ಡ್, ಫೋಟೋ ಇದೆ, ಹೆಸರಿದೆ, ಇನ್ನೇನು ಬೇಕು ಅಂತ ವಾದ. ಇಲ್ಲಿನ ಕಾನೂನು ಒಪ್ಪುವುದು ಅಮೆರಿಕದ ಯಾವುದಾದರೂ ಸರ್ಕಾರ ಕೊಟ್ಟ, ಹೆಸರು, ಹುಟ್ಟಿದ ದಿನ, ಫೋಟೋ ಜತೆಗೆ ಎತ್ತರ, ಕಣ್ಣಿನ ಬಣ್ಣದಂಥ ಮೈಗುರುತು ಇರುವ ಕಾರ್ಡನ್ನು, ಇಲ್ಲವೇ ಪಾಸ್‌ಪೋರ್ಟನ್ನು, ಇಲ್ಲವೇ ಸೇನೆಯ ಐಡಿಯನ್ನು. ಹೊರದೇಶ ಕೊಟ್ಟ ಕಾಗದಗಳಲ್ಲಿ ನಡೆಯುವುದು ಪಾಸ್‌ಪೋರ್ಟ್ ಒಂದೇ. ಹಳೇ ಆಧಾರ್‌ಗಳಲ್ಲಂತೂ ಹುಟ್ಟಿದ ವರ್ಷ ಮಾತ್ರ ಇರುವವೂ ಉಂಟು. ಫೋನ್‌ನಲ್ಲಿ ತೆಗೆದ ಪಾಸ್‌ಪೋರ್ಟ್ ಫೋಟೋ ಕೂಡ ನಡೆಯುವುದಿಲ್ಲ. ಹುಡುಗರಿಗೆ ಬೇಜಾರಾಗುತ್ತದೆ, ಅರ್ಥ ಆಗುತ್ತದೆ. ಕರ್ನಾಟಕದಲ್ಲೂ ಲೈಸೆನ್ಸ್ ನಿಯಮದ ಪ್ರಕಾರ 21ರ ಕೆಳಗಿನವರಿಗೆ ಕೊಡುವಂತಿಲ್ಲ. 2023ರ ಜನವರಿಯಲ್ಲಿ ಅದನ್ನು 18ಕ್ಕೆ ಇಳಿಸೋಕೆ ಹೊರಟ ಸರ್ಕಾರ, ವಿರೋಧ ಬಂದ ಮೇಲೆ ಕೈಬಿಟ್ಟಿತು. ಅಲ್ಲೂ 21, ಇಲ್ಲೂ 21. ಆದರೆ ಊರಿನ ವೈನ್ ಶಾಪ್ ಕಿಟಕಿಯಲ್ಲಿ ಐಡಿ ಕೇಳಿದ್ದನ್ನು ನಾನಂತೂ ನೋಡಿಲ್ಲ.

ವಯಸ್ಸಾದವರ ಗಲಾಟೆ ಇನ್ನೊಂದು ಥರ. ಮಗನ ಮನೆಗೆ ದಾವಣಗೆರೆಯಿಂದ ಬಂದ ಹಿರಿಯರೊಬ್ಬರು ಟೋಪಿ ತೆಗೆದು ತಲೆ ಬಗ್ಗಿಸಿ ತೋರಿಸಿದರು. “ಇಲ್ಲಿ ನೋಡಪ್ಪ, ಒಂದು ಕೂದಲೂ ಇಲ್ಲ, ಇನ್ನೂ ಐಡಿ ಬೇಕಾ ನಿಂಗೆ?” “ಅಂಕಲ್, ಎಲ್ಲರಿಗೂ ಕೇಳ್ತೀವಿ, ನಿಮ್ಮೊಬ್ಬರಿಗೇ ಬಿಟ್ರೆ ಹಿಂದೆ ನಿಂತವರು ಸುಮ್ನಿರ್ತಾರಾ?” ಅಂದೆ. ನಗುತ್ತಾ ಪಾಸ್‌ಪೋರ್ಟ್ ತೆಗೆದರು. ಎಲ್ಲರಿಗೂ ಕೇಳಬೇಕು ಅಂತ ಇಲ್ಲಿ ಕಾನೂನೇನೂ ಇಲ್ಲ, ಅದು ಅಂಗಡಿಯ ನಿಯಮ. ಎಷ್ಟೋ ಕಡೆ 30ರ ಕೆಳಗೆ, 40ರ ಕೆಳಗೆ ಕಾಣುವವರಿಗೆ ಕೇಳುತ್ತಾರೆ. ನನ್ನ ಓಟು ಎಲ್ಲರಿಗೂ ಕೇಳುವ ಪದ್ಧತಿಗೆ. ವಯಸ್ಸು ಅಂದಾಜು ಮಾಡುವ ಹೊರೆ ಕ್ಯಾಷಿಯರ್ ತಲೆಯಿಂದ ಇಳಿಯುತ್ತದೆ, ನೀನು ನಮ್ಮ ಥರದವರಿಗೇ ಕೇಳ್ತೀಯ ಅನ್ನುವ ಆರೋಪವೂ ಬರುವುದಿಲ್ಲ.

ಬೇರೆಯವರ ಅಸಲಿ ಕಾರ್ಡ್ ತರುವವರನ್ನು ಹಿಡಿಯುವುದು ಎಲ್ಲಕ್ಕಿಂತ ಕಷ್ಟ. ಕೂದಲು, ಗಡ್ಡ, ಕನ್ನಡಕ ನೋಡಬೇಡಿ, ಅವು ವಾರಕ್ಕೊಮ್ಮೆ ಬದಲಾಗುತ್ತವೆ. ಕಿವಿ, ಗಲ್ಲ, ಎರಡು ಕಣ್ಣಿನ ನಡುವಿನ ಅಂತರ ನೋಡಿ. ಎತ್ತರ ಕಾರ್ಡಿನಲ್ಲೇ ಇದೆ. ಅನುಮಾನ ಬಂದರೆ ಕಾರ್ಡ್ ಕೈಯಲ್ಲೇ ಇಟ್ಟುಕೊಂಡು ಜಿಪ್ ಕೋಡ್, ಅಂದರೆ ಇಲ್ಲಿನ ಪಿನ್ ಕೋಡ್ ಕೇಳಿ. ತನ್ನ ವಿಳಾಸ ಆದರೆ ತಕ್ಷಣ ಹೇಳುತ್ತಾನೆ, ಅಣ್ಣನದಾದರೆ ಕಣ್ಣು ಒಂದು ಕ್ಷಣ ಮೇಲೆ ಹೋಗುತ್ತದೆ. ನಕಲಿ ಕಾರ್ಡ್ ಇಟ್ಟುಕೊಳ್ಳುವ ಹಕ್ಕು ಇಲ್ಲಿ ಅಂಗಡಿಯವರಿಗೆ ಇದೆ, ಆದರೆ ರಸೀದಿ ಕೊಡಬೇಕು, 24 ಗಂಟೆಯೊಳಗೆ ಪೊಲೀಸರಿಗೆ ತಲುಪಿಸಬೇಕು. ನಾನು ನಮ್ಮವರಿಗೆ ಹೇಳುವುದು, ಆ ಉಸಾಬರಿ ಬೇಡ, ಕಾರ್ಡ್ ವಾಪಸ್ ಕೊಟ್ಟು “ಸಾರಿ, ಇವತ್ತು ಕೊಡೋಕಾಗಲ್ಲ” ಅಂದು ಬಾಟಲಿ ಕೌಂಟರ್ ಕೆಳಗೆ ಇಟ್ಟುಬಿಡಿ. ಕಾರಣ ವಿವರಿಸೋಕೆ ಹೋದರೆ ವಾದ ಶುರು.

ಗುಂಪಿನಲ್ಲಿ ಬಂದವರಲ್ಲಿ ಒಬ್ಬನೇ ಐಡಿ ತೋರಿಸಿ, ಉಳಿದವರು ಕೌಂಟರ್ ಮುಂದೆಯೇ ಅವನ ಕೈಗೆ ಐದೋ ಹತ್ತೋ ಡಾಲರ್ ಇಡುತ್ತಿದ್ದರೆ ಎಲ್ಲರ ಐಡಿ ಕೇಳಿ, ಇಲ್ಲದಿದ್ದರೆ ಮಾರಬೇಡಿ. ಅಮ್ಮನ ಜತೆ ಬಂದ ಮಗಳು ಗಾಡಿ ತಳ್ಳಿಕೊಂಡು ಬಂದರೆ ಅದು ಬೇರೆ ಮಾತು, ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಚಿಕ್ಕವರಿಗೆ ಕೊಂಡು ಕೊಟ್ಟ ದೊಡ್ಡವರಿಗೆ ದಂಡ 1000 ಡಾಲರ್, ಇದನ್ನು ಸೀನಿಯರ್ ವಿದ್ಯಾರ್ಥಿಗಳು ಗಮನಿಸಬೇಕು.

ದಿನಾ ಪಾಸ್‌ಪೋರ್ಟ್ ಹಿಡಿದು ತಿರುಗೋಕೆ ಭಯ ಅನ್ನುವ ವಿದ್ಯಾರ್ಥಿಗಳಿಗೆ ದಾರಿ ಇದೆ. ಕಾರು ಓಡಿಸದಿದ್ದರೂ, ಡ್ರೈವಿಂಗ್ ಲೈಸೆನ್ಸ್ ಕೊಡುವ ಡಿಎಂವಿ ಕಚೇರಿ ಐಡಿ ಕಾರ್ಡ್ ಕೊಡುತ್ತದೆ, ಅದು ಎಲ್ಲ ಅಂಗಡಿಯಲ್ಲೂ ನಡೆಯುತ್ತದೆ. ಒಂದೇ ತೊಡಕು, ವೀಸಾದವರ ಕಾರ್ಡ್ ಸಾಮಾನ್ಯವಾಗಿ ಅವರು ಇಲ್ಲಿರುವ ಅವಧಿಯ ಜತೆಗೇ ಮುಗಿಯುತ್ತದೆ. ರಿನ್ಯೂ ಮಾಡಿಸುವಾಗ ಕೈಗೆ ಒಂದು ತಾತ್ಕಾಲಿಕ ಕಾಗದ ಕೊಡುತ್ತಾರೆ. ಲೈಸೆನ್ಸ್‌ನ ಆ ಕಾಗದ ಇಟ್ಟುಕೊಂಡು ಕಾರು ಓಡಿಸಬಹುದು, ಆದರೆ ಅದರಲ್ಲಿ ಫೋಟೋ ಇಲ್ಲ. ಹೊಸ ಕಾರ್ಡ್ ಪೋಸ್ಟ್‌ನಲ್ಲಿ ಬರುವ ತನಕ ನಮ್ಮ ಕೌಂಟರ್‌ಗೆ ಪಾಸ್‌ಪೋರ್ಟನ್ನೇ ತರಬೇಕು.