ತುರ್ಕಿ ತನ್ನ ಅಕ್ಷರ ಬದಲಿಸಿದ ವರ್ಷ: 1928

1928ರ ಆಗಸ್ಟ್ 9ರ ರಾತ್ರಿ. ಇಸ್ತಾಂಬುಲ್‌ನ ಗುಲ್ಹಾನೆ ಉದ್ಯಾನದಲ್ಲಿ ಸಂಗೀತದ ಕಾರ್ಯಕ್ರಮ. ಅಲ್ಲಿ ಅಧ್ಯಕ್ಷ ಮುಸ್ತಫಾ ಕೆಮಾಲ್ ಎದ್ದು ನಿಂತು, ಇನ್ನು ಮುಂದೆ ತುರ್ಕಿ ಭಾಷೆಯನ್ನು ಹೊಸ ಅಕ್ಷರದಲ್ಲಿ, ಅಂದರೆ ಇಂಗ್ಲಿಷ್ ಬರೆಯುವ ಲ್ಯಾಟಿನ್ ಲಿಪಿಯಿಂದ ಮಾಡಿಕೊಂಡ ಅಕ್ಷರದಲ್ಲಿ, ಬರೆಯೋಣ ಎಂದರು. ಮೂರು ತಿಂಗಳೊಳಗೆ ಅದು ಕಾನೂನಾಯಿತು.

ಸುಮ್ನೆ ಒಬ್ಬ ನಾಯಕನ ಹಟ ಅನ್ನಿಸುತ್ತದೆ, ಅಲ್ವಾ? ಆದರೆ ಈ ಜಗಳಕ್ಕೆ ಆಗಲೇ 60 ವರ್ಷ ದಾಟಿತ್ತು.

ತೊಡಕು ಇದ್ದದ್ದು ಸ್ವರಗಳಲ್ಲಿ. ತುರ್ಕಿ ಭಾಷೆಯಲ್ಲಿ ಎಂಟು ಸ್ವರಗಳಿವೆ. ಅದನ್ನು ಬರೆಯುತ್ತಿದ್ದುದು ಅರಬ್ಬಿ ಲಿಪಿಯಲ್ಲಿ. ಅಲ್ಲಿ ‘ವಾವ್’ ಎಂಬ ಒಂದೇ ಅಕ್ಷರ ನಾಲ್ಕು ಸ್ವರಗಳ ಕೆಲಸ ಮಾಡಬೇಕಿತ್ತು, ಜೊತೆಗೆ ‘ವ’ಕಾರದ್ದೂ. ‘ಆದ’ ಎನ್ನುವುದನ್ನೂ ‘ಸತ್ತ’ ಎನ್ನುವುದನ್ನೂ ಒಂದೇ ಥರ ಬರೆಯುತ್ತಿದ್ದರು. ಮೆಹ್ಮೆತ್ ಪಾಷಾ (ದೊಡ್ಡ ಅಧಿಕಾರಿ) ಆದನೋ, ಮೆಹ್ಮೆತ್ ಪಾಷಾ ಸತ್ತನೋ ತಿಳಿಯಲು ಹಿಂದುಮುಂದಿನ ಸಾಲು ಓದಬೇಕು! ಕಾಗುಣಿತ ಕಲಿತು ಬೆಳೆದ ನಮಗೆ ಇದು ವಿಚಿತ್ರ ಅನ್ನಿಸುತ್ತದೆ. (ಆ ಎರಡು ತುರ್ಕಿ ಪದಗಳ ಸ್ವರ ವ್ಯತ್ಯಾಸ ತೋರಿಸಲು ಕನ್ನಡ ಲಿಪಿಗೂ ಆಗುವುದಿಲ್ಲ, ಅದು ಬೇರೆ ಮಾತು.)

1862ರಲ್ಲೇ ಆಟೊಮನ್ ಅಧಿಕಾರಿ ಮುನೀಫ್ ಪಾಷಾ ಲಿಪಿ ಸುಧಾರಣೆಯ ಮಾತೆತ್ತಿದ್ದರು. ಮೊದಲ ಮಹಾಯುದ್ಧದ ಹೊತ್ತಿಗೆ ಯುದ್ಧಮಂತ್ರಿ ಎನ್ವರ್ ಪಾಷಾ ಸೈನ್ಯದಲ್ಲಿ, ಕೂಡಿಸಿ ಬರೆಯುವ ಅರಬ್ಬಿ ಅಕ್ಷರಗಳನ್ನು ಬಿಡಿಸಿ ಬರೆಸಲು ನೋಡಿದರು, ಅದು ಕೈಹಿಡಿಯಲಿಲ್ಲ. 1923ರಲ್ಲಿ ಇಜ್ಮಿರ್‌ನ ಆರ್ಥಿಕ ಸಮ್ಮೇಳನದಲ್ಲಿ ಲ್ಯಾಟಿನ್ ಲಿಪಿಯ ಸಲಹೆ ಬಂದಾಗ, ಅಧ್ಯಕ್ಷತೆ ವಹಿಸಿದ್ದ ಸೇನಾನಾಯಕ ಕಾಜಿಮ್ ಕಾರಾಬೆಕಿರ್ ಒಪ್ಪಲೇ ಇಲ್ಲ. ಕುರಾನಿನ ಲಿಪಿ ಬಿಡುವುದೆಂದರೆ ಆಗ ಸಣ್ಣ ಮಾತಲ್ಲ.

ಐದು ವರ್ಷದಲ್ಲಿ ಗಾಳಿ ತಿರುಗಿತು. ಖಲೀಫರ ಪಟ್ಟ ಹೋಯಿತು, ಟೋಪಿ ಬದಲಾಯಿತು, ಕ್ಯಾಲೆಂಡರ್ ಬದಲಾಯಿತು. 1928ರ ಏಪ್ರಿಲ್‌ನಲ್ಲಿ ಇಸ್ಲಾಂ ರಾಷ್ಟ್ರಧರ್ಮ ಎಂಬ ಮಾತೂ ಸಂವಿಧಾನದಿಂದ ಹೋಯಿತು, ಮೇ ತಿಂಗಳಲ್ಲಿ ಅಂಕಿಗಳು ಬದಲಾದವು. ಉಳಿದದ್ದು ಅಕ್ಷರ.

ಹೊಸ ಲಿಪಿ ರೂಪಿಸಲು ನೇಮಿಸಿದ್ದ ಸಮಿತಿಯವರು ಕೆಲವು ವರ್ಷ ಎರಡೂ ಲಿಪಿ ಜೊತೆಜೊತೆಗೆ ಇರಲಿ ಎಂದರು. ಕೆಮಾಲ್ ಒಪ್ಪಲಿಲ್ಲ. ಪತ್ರಿಕೆಯಲ್ಲಿ ಹಳೆಯ ಲಿಪಿ ಅರ್ಧ ಕಾಲಂ ಉಳಿದರೂ ಜನ ಅದನ್ನೇ ಓದುತ್ತಾರೆ, ಆಗುವುದಾದರೆ ಮೂರು ತಿಂಗಳಲ್ಲಿ ಆಗಬೇಕು, ಇಲ್ಲದಿದ್ದರೆ ಆಗುವುದೇ ಇಲ್ಲ ಎಂಬುದು ಅವರ ವಾದ. ನನಗೆ ಇದರಲ್ಲಿ ಹುರುಳಿದೆ ಅನ್ನಿಸುತ್ತದೆ. ಊರೂರಿಗೆ ಹೋಗಿ ಕಪ್ಪು ಹಲಗೆ ಮುಂದೆ ನಿಂತು ಮೇಷ್ಟರ ಹಾಗೆ ಅವರೇ ಪಾಠ ಹೇಳಿದರು. ನವೆಂಬರ್ 1ರಂದು 29 ಅಕ್ಷರಗಳ ಕಾನೂನು ಪಾಸಾಯಿತು. ಡಿಸೆಂಬರ್ 1ರಿಂದ ಪತ್ರಿಕೆಗಳು ಹೊಸ ಲಿಪಿಯಲ್ಲೇ ಬರಬೇಕಾಯಿತು. 1929ರ ಜನವರಿ 1ರಿಂದ ಪುಸ್ತಕಗಳ ಸರದಿ. ಅದೇ ದಿನ ದೊಡ್ಡವರಿಗಾಗಿ ‘ರಾಷ್ಟ್ರ ಶಾಲೆ’ಗಳು ತೆರೆದವು.

1927ರ ಜನಗಣತಿಯಲ್ಲಿ ಸುಮಾರು 1.36 ಕೋಟಿ ಜನ. ಓದು ಬರುತ್ತಿದ್ದುದು ಸುಮಾರು ಹತ್ತರಲ್ಲಿ ಒಬ್ಬರಿಗೆ. ಉಳಿದ ಒಂಬತ್ತು ಜನಕ್ಕೆ ಮರೆಯಲು ಏನೂ ಇರಲಿಲ್ಲ. ಏಟು ಜಾಸ್ತಿ ಬಿದ್ದದ್ದು ಓದಿದವರಿಗೇ: ಗುಮಾಸ್ತರು, ಮೇಷ್ಟರು, ಪತ್ರಕರ್ತರು ರಾತ್ರೋರಾತ್ರಿ ಒಂದನೇ ಕ್ಲಾಸಿಗೆ ಬಂದರು. ಪತ್ರಿಕೆಗಳ ಮಾರಾಟ ಕುಸಿದು ಸರ್ಕಾರವೇ ಹಣ ಕೊಡಬೇಕಾಯಿತು.

ಮನೆಗಳಲ್ಲಿದ್ದ ಹಳೆಯ ಪತ್ರ, ಜಮೀನಿನ ಕಾಗದ, ಗೋರಿಕಲ್ಲಿನ ಹೆಸರು ಮೊಮ್ಮಕ್ಕಳಿಗೆ ಓದಲು ಬಾರದಾಯಿತು. ಕೆಮಾಲ್ 1927ರ ಅಕ್ಟೋಬರ್‌ನಲ್ಲಿ ಆರು ದಿನ, 36 ಗಂಟೆಗೂ ಹೆಚ್ಚು ಹೊತ್ತು ಒಂದು ಭಾಷಣ ಮಾಡಿದ್ದರು. ಗಣರಾಜ್ಯ ಹುಟ್ಟಿದ ಕಥೆ ಅದು. ಅಚ್ಚಾದದ್ದು ಹಳೆಯ ಲಿಪಿಯಲ್ಲಿ. ಹೊಸ ಶಾಲೆಯ ಮಕ್ಕಳು ಓದಲೆಂದು 1934ರಲ್ಲಿ ಅದನ್ನೂ ಹೊಸ ಅಕ್ಷರದಲ್ಲಿ ಮತ್ತೆ ಅಚ್ಚು ಹಾಕಿಸಿದರು.