ಮೊದಲು ವೋಲ್ಟೇಜ್, ಆಮೇಲೆ ಸ್ಪೀಡ್

ಒಂದು ಆರ್ಮ್ ಬೋರ್ಡ್ ವಾರಕ್ಕೆ ಎರಡು ಸಲ ಸುಮ್ನೆ ಹ್ಯಾಂಗ್ ಆಗುತ್ತಿತ್ತು. ಲಾಗ್‌ನಲ್ಲಿ ಒಂದಕ್ಷರವೂ ಇಲ್ಲ. ಕೊನೆಗೆ ತಪ್ಪು ಸಿಕ್ಕಿದ್ದು ಸಿಪಿಯು ಸ್ಪೀಡ್ ಬದಲಿಸುವ ಫ್ರೀಕ್ವೆನ್ಸಿ ಡ್ರೈವರ್‌ನಲ್ಲಿ. ಎರಡು ಸಾಲು ಹಿಂದುಮುಂದಾಗಿದ್ದವು, ಅಷ್ಟೇ.

ಫ್ರೀಕ್ವೆನ್ಸಿ ಏರಿಸುವ ಮುಂಚೆ ವೋಲ್ಟೇಜ್ ಏರಿಸಬೇಕು. ಇಳಿಸುವಾಗ ಉಲ್ಟಾ. ತಪ್ಪಿದರೆ ಸಿಪಿಯು ಕೆಲವು ಮೈಕ್ರೋಸೆಕೆಂಡ್ ಕಡಿಮೆ ವೋಲ್ಟೇಜ್‌ನಲ್ಲೇ ಜೋರಾಗಿ ಓಡುತ್ತದೆ. ನೂರು ಸಲ ಏನೂ ಆಗುವುದಿಲ್ಲ, ನೂರಾ ಒಂದನೇ ಸಲ ಕೈಕೊಡುತ್ತದೆ. ವೋಲ್ಟೇಜ್ ಮುಟ್ಟದೇ ಇರೋಣ ಅಂದರೆ ಪವರ್ ಉಳಿತಾಯ ಇರುವುದೇ ಅಲ್ಲಿ. ಸ್ವಿಚಿಂಗ್‌ಗೆ ಹೋಗುವ ಪವರ್ ವೋಲ್ಟೇಜ್‌ನ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ ಬದಲಾಗುತ್ತದೆ. 1.2 ವೋಲ್ಟ್‌ನಿಂದ 0.9ಕ್ಕೆ ಇಳಿದರೆ ಅಷ್ಟರಿಂದಲೇ ಸುಮಾರು 44% ಕಡಿಮೆ.

ಈ ಕ್ರಮ ಎಲ್ಲ ಬೋರ್ಡ್‌ಗೂ ಒಂದೇ ಅಲ್ವಾ? ಆದರೂ ಲಿನಕ್ಸ್‌ನಲ್ಲಿ ಹಲವು ಡ್ರೈವರ್‌ಗಳು ಇದನ್ನು ತಾವೇ ಬರೆದುಕೊಂಡಿದ್ದವು. 2016ರಲ್ಲಿ, ಲಿನಕ್ಸ್‌ನ ತಿರುಳಾದ ಕರ್ನಲ್‌ನ 4.6 ಆವೃತ್ತಿಯಲ್ಲಿ, ಇದಕ್ಕೊಂದು ಸಾಮಾನ್ಯ ಫಂಕ್ಷನ್ ಬಂತು: ಡೆವ್_ಪಿಎಂ_ಒಪಿಪಿ_ಸೆಟ್_ರೇಟ್. ಬೇಕಾದ ಫ್ರೀಕ್ವೆನ್ಸಿ ಹೇಳಿದರೆ ಸಾಕು. ಯಾವ ಫ್ರೀಕ್ವೆನ್ಸಿಗೆ ಎಷ್ಟು ವೋಲ್ಟೇಜ್ ಎಂಬ ಟೇಬಲ್‌ನಿಂದ ವೋಲ್ಟೇಜ್ ಹುಡುಕಿ, ಸರಿಯಾದ ಕ್ರಮದಲ್ಲಿ ಬದಲಿಸುತ್ತದೆ. ಮೊದಲ ರೂಪದಲ್ಲಿ, ನಡುವೆ ಕೆಟ್ಟರೆ ಹಳೆಯ ಸ್ಥಿತಿಗೆ ತರಲೂ ನೋಡುತ್ತಿತ್ತು.

ಅದಕ್ಕೂ ಮುಂಚೆ 3.13 ಆವೃತ್ತಿಯಲ್ಲಿ ಆದ ಬದಲಾವಣೆ ನನಗೆ ಇನ್ನೂ ಹೆಚ್ಚು ಇಷ್ಟ. ಆಗ ತನಕ ‘ಬದಲಿಸುತ್ತಿದ್ದೇನೆ’, ‘ಬದಲಿಸಿದೆ’ ಎಂದು ಕರ್ನಲ್‌ಗೆ ಸಾರುವ ಕೆಲಸವೂ ಡ್ರೈವರ್‌ನದೇ. ಕ್ಲಾಕ್ ಇಳಿಯದಿದ್ದರೂ ‘ಇಳಿಸಿದೆ’ ಅಂದುಬಿಟ್ಟರೆ? ಲೂಪ್ ಎಣಿಸಿ ಕಾಯುವ ಯುಡಿಲೇ ಫಂಕ್ಷನ್ ಆ ಮಾತು ನಂಬಿ ಕಡಿಮೆ ಸುತ್ತು ಹಾಕಿ ಬೇಗ ಎದ್ದುಬಿಡುತ್ತದೆ. ಪೆಟ್ಟು ಬೀಳುವುದು ಇನ್ಯಾವುದೋ ಡ್ರೈವರ್‌ಗೆ. ಟಾರ್ಗೆಟ್_ಇಂಡೆಕ್ಸ್ ಎಂಬ ಹೊಸ ಕರೆ ಬಂದ ಮೇಲೆ ಟೇಬಲ್ ನೋಡುವುದು, ಸಾರುವುದು ಎರಡೂ ಕರ್ನಲ್‌ನ ಸಾಮಾನ್ಯ ಭಾಗವಾದ ಕೋರ್‌ನ ಪಾಲಾದವು. ಡ್ರೈವರ್‌ಗೆ ಟೇಬಲ್ ಸಾಲಿನ ಒಂದು ಅಂಕಿ ಬರುತ್ತದೆ. ಆಯಿತೋ ಇಲ್ಲವೋ ಹೇಳಿದರೆ ಮುಗಿಯಿತು. ಬದಲಾವಣೆ ತಡವಾಗಿ ಮುಗಿಯುವ ಹಾರ್ಡ್‌ವೇರ್ ಈ ಅಚ್ಚಿಗೆ ಕೂರುವುದಿಲ್ಲ. ಅಂಥ ಡ್ರೈವರ್ ಒಂದು ಫ್ಲ್ಯಾಗ್ ಹಾಕಿ ತಾನೇ ಸಾರಬಹುದು. ಅದನ್ನೂ ಎಳೆದು ಇದರೊಳಗೆ ತುರುಕುವುದು ದಂಡ.

ನಮ್ಮ ಡ್ರೈವರ್‌ನಲ್ಲೂ ವೋಲ್ಟೇಜ್, ಫ್ರೀಕ್ವೆನ್ಸಿ ಬದಲಿಸುವ ಇಡೀ ಭಾಗ ತೆಗೆದು, ಡೆವ್_ಪಿಎಂ_ಒಪಿಪಿ_ಸೆಟ್_ರೇಟ್‌ಗೆ ಒಂದೇ ಕರೆ ಹಾಕಿದೆವು. ಹ್ಯಾಂಗ್ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ! ಸಿಪಿಯುಗೆ ವಿದ್ಯುತ್ ಪೂರೈಸುವ ರೆಗ್ಯುಲೇಟರ್‌ನ ವೋಲ್ಟೇಜ್ ಏರಲು ಸ್ವಲ್ಪ ಹೊತ್ತು ಬೇಕು. ಆ ರ‍್ಯಾಂಪ್ ಡಿಲೇಯನ್ನು ಬೋರ್ಡ್‌ನ ಹಾರ್ಡ್‌ವೇರ್ ವಿವರವನ್ನು ಕರ್ನಲ್‌ಗೆ ಕೊಡುವ ಡಿವೈಸ್ ಟ್ರೀಯಲ್ಲಿ ಯಾರೂ ಬರೆದೇ ಇರಲಿಲ್ಲ. ಹಳೆಯ ಕೋಡ್‌ನ ಗಲಾಟೆಯಲ್ಲಿ ಅದು ನಮ್ಮ ಕಣ್ಣಿಗೂ ಬಿದ್ದಿರಲಿಲ್ಲ.